ಅವಧಿ ಮುಗಿದ ಮೇಲೆ ಬರುವ ತೀರ್ಪು ಯಾರಿಗೆ?

ಮಾನ್ಯ ಸಂಪಾದಕರೇ,

ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಕುರಿತು ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಚುನಾವಣೆ ಯಾವಾಗ? ಆ ಪ್ರಶ್ನೆ ಸಣ್ಣದೇನಲ್ಲ. ಆದರೆ ಚುನಾವಣೆ ನಡೆದು, ಎಣಿಕೆ ಮುಗಿದು, ಗೆದ್ದವರ ಮೆರವಣಿಗೆಯೂ ಹೋದ ಮೇಲೆ ‘ಈ ಆಯ್ಕೆ ಸಿಂಧುವಲ್ಲ’ ಎಂದು ಯಾರಾದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಮುಂದೇನಾಗುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಸಿವಿಲ್ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಕಾಡುವಂಥದ್ದು. ವಾರ್ಡ್ ಚುನಾವಣೆಯ ತಕರಾರು ಅರ್ಜಿಗಳು ಸದಸ್ಯನ ಅವಧಿಗಿಂತ ಹೆಚ್ಚು ಕಾಲ ಬದುಕುವುದು ನಮ್ಮಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಹಾಗೆ ಉಳಿಯದಿರುವುದೇ ನನ್ನ ತಕರಾರು.

ಮೊದಲಿಗೆ ಕಾನೂನಿನ ಚೌಕಟ್ಟನ್ನು ಹೇಳಿಬಿಡುವುದು ಒಳ್ಳೆಯದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆ, ಪುರಸಭೆ, ಪಾಲಿಕೆಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. ಅದರ ಜೊತೆಗೇ 243 ಝಡ್‌ಜಿ ವಿಧಿಯ ಮೂಲಕ ಒಂದು ನಿರ್ಬಂಧವನ್ನೂ ಹಾಕಿತು. ಅದರಂತೆ ನಗರ ಸ್ಥಳೀಯ ಸಂಸ್ಥೆಯ ಯಾವುದೇ ಚುನಾವಣೆಯನ್ನು, ರಾಜ್ಯದ ಕಾಯ್ದೆ ಗೊತ್ತುಮಾಡಿದ ಪ್ರಾಧಿಕಾರದ ಮುಂದೆ, ಅದು ಗೊತ್ತುಮಾಡಿದ ರೀತಿಯಲ್ಲಿ ಸಲ್ಲಿಸುವ ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರಾವ ದಾರಿಯಲ್ಲೂ ಪ್ರಶ್ನಿಸುವಂತಿಲ್ಲ. ಇದರ ಹಿಂದಿರುವ ವಿಚಾರ ಹಳೆಯದು. ಮದ್ರಾಸ್ ರಾಜ್ಯದಲ್ಲಿ ನಾಮಪತ್ರ ತಿರಸ್ಕೃತಗೊಂಡ ಅಭ್ಯರ್ಥಿಯೊಬ್ಬರು ರಿಟ್ ಅರ್ಜಿ, ಅಂದರೆ ಸಂವಿಧಾನದ ಅಡಿಯಲ್ಲಿ ನೇರವಾಗಿ ಹೈಕೋರ್ಟಿಗೆ ಸಲ್ಲಿಸುವ ಅರ್ಜಿ ಹಾಕಿದ್ದಾಗ, ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿತು: ಚುನಾವಣೆಯೆಂದರೆ ಅಧಿಸೂಚನೆಯಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ, ಅದನ್ನು ನಡುವೆ ನಿಲ್ಲಿಸುವಂತಿಲ್ಲ, ತಕರಾರು ಏನಿದ್ದರೂ ಮುಗಿದ ಮೇಲೆ. ಮಧ್ಯಪ್ರದೇಶದ ಪುರಸಭೆಯೊಂದರ ಅಧ್ಯಕ್ಷರ ಆಯ್ಕೆಯನ್ನು ಹೈಕೋರ್ಟ್ ರಿಟ್ ಅರ್ಜಿಯ ಮೇಲೆ ರದ್ದುಪಡಿಸಿದ್ದಾಗ, ಜಸ್ಪಾಲ್ ಸಿಂಗ್ ಅರೋರಾ ಪ್ರಕರಣದ 1998ರ ತೀರ್ಪು ಅದೇ ಮಾತನ್ನು ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸಿತು.

ಈ ನಿಲುವನ್ನು ನಾನು ಒಪ್ಪುತ್ತೇನೆ. ನಾಮಪತ್ರದ ಒಂದು ಸಹಿಗೆ, ಮತದಾರರ ಪಟ್ಟಿಯ ಒಂದು ಹೆಸರಿಗೆ ತಡೆಯಾಜ್ಞೆ ಸಿಗುವಂತಿದ್ದರೆ ಈ ದೇಶದಲ್ಲಿ ಒಂದು ವಾರ್ಡ್‌ಗೂ ಗೊತ್ತಾದ ದಿನ ಮತದಾನ ನಡೆಯುತ್ತಿರಲಿಲ್ಲ. ಆದರೆ ಎಲ್ಲ ಬಾಗಿಲುಗಳನ್ನು ಮುಚ್ಚಿ ಒಂದನ್ನು ಮಾತ್ರ ತೆರೆದಿಡುವ ಕಾನೂನು, ಆ ಒಂದು ಬಾಗಿಲಿನ ಆಚೆ ನಿಜಕ್ಕೂ ಪರಿಹಾರವಿದೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು. ಆ ಹೊಣೆಯನ್ನು ನಮ್ಮ ಶಾಸಕಾಂಗ ಈವರೆಗೆ ಹೊತ್ತಿಲ್ಲ.

ಪರಿಹಾರ ಬೇಗ ಸಿಕ್ಕ ಉದಾಹರಣೆಯೂ ಇದೆ, ಅದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. 2024ರ ಜನವರಿ 30ರಂದು ಚಂಡೀಗಢದ ಮೇಯರ್ ಚುನಾವಣೆಯಲ್ಲಿ ಚಲಾವಣೆಯಾದ 36 ಮತಗಳ ಪೈಕಿ 8 ಮತಗಳನ್ನು ಚುನಾವಣೆ ನಡೆಸಿದ ಅಧಿಕಾರಿ ಅಸಿಂಧುವೆಂದು ಬದಿಗಿಟ್ಟರು. 16 ಮತ ಪಡೆದ ಬಿಜೆಪಿ ಅಭ್ಯರ್ಥಿ ಗೆದ್ದರು, ಆಮ್ ಆದ್ಮಿ ಪಕ್ಷ ಮತ್ತು ಕಾಂಗ್ರೆಸ್ ಮೈತ್ರಿಯ ಕುಲದೀಪ್ ಕುಮಾರ್ 12 ಮತಗಳೊಂದಿಗೆ ಸೋತರು ಎಂಬ ಘೋಷಣೆಯಾಯಿತು. ಆ ಅಧಿಕಾರಿ ಮೇಜಿನ ಮೇಲೆ ಮತಪತ್ರಗಳನ್ನು ಹರವಿಕೊಂಡು, ಪೆನ್ನಿನಿಂದ ಅವುಗಳ ಮೇಲೆ ಏನೋ ಗೀಚಿ, ನಡುವೆ ಕತ್ತೆತ್ತಿ ಕ್ಯಾಮೆರಾದ ಕಡೆಗೊಮ್ಮೆ ನೋಡಿದ ದೃಶ್ಯವನ್ನು ದೇಶವೇ ನೋಡಿತು. ಹೈಕೋರ್ಟ್ ತಕ್ಷಣದ ಮಧ್ಯಂತರ ಪರಿಹಾರ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಮತಪತ್ರಗಳನ್ನು ದೆಹಲಿಗೆ ತರಿಸಿ ತಾನೇ ಕಣ್ಣಾರೆ ಪರಿಶೀಲಿಸಿ, ಎಂಟೂ ಮತಗಳು ಸಿಂಧು, ಎಂಟೂ ಕುಲದೀಪ್ ಕುಮಾರ್ ಅವರಿಗೇ ಬಿದ್ದಿವೆ ಎಂದು ಕಂಡುಕೊಂಡು, ಫೆಬ್ರುವರಿ 20ರಂದು, ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಅವರನ್ನೇ ಮೇಯರ್ ಎಂದು ಘೋಷಿಸಿತು. ಚುನಾವಣೆಯಿಂದ ತೀರ್ಪಿಗೆ ಮೂರು ವಾರ. ಅಲ್ಲಿ ಮೇಯರ್ ಅವಧಿ ಒಂದೇ ವರ್ಷದ್ದಾದ್ದರಿಂದ ಆ ಮೂರು ವಾರಗಳಿಗೂ ಬೆಲೆಯಿತ್ತು.

ಆದರೆ ಇದನ್ನು ನಮ್ಮ ವ್ಯವಸ್ಥೆಯ ಹೆಗ್ಗಳಿಕೆಯೆಂದು ಹೇಳಿಕೊಳ್ಳುವವರನ್ನು ನೋಡಿದರೆ ನನಗೆ ಸಂಕೋಚವಾಗುತ್ತದೆ. ಅಲ್ಲಿ ಸಾಕ್ಷ್ಯ ಕ್ಯಾಮೆರಾದಲ್ಲಿತ್ತು, ಮತಗಳು ಮೂವತ್ತಾರೇ ಇದ್ದವು, ಎರಡು ರಾಷ್ಟ್ರೀಯ ಪಕ್ಷಗಳ ಬೆಂಬಲವಿದ್ದ ಅಭ್ಯರ್ಥಿಯ ಪರವಾಗಿ ದೇಶದ ಹೆಸರಾಂತ ವಕೀಲರು ವಾದಿಸಿದ್ದರು. ಪರಿಹಾರ ಸಿಕ್ಕಿದ್ದೂ ತಕರಾರು ಅರ್ಜಿಯ ಬಾಗಿಲಿನಿಂದಲ್ಲ, ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ವಿಶೇಷಾಧಿಕಾರದಿಂದ. ಪುರಸಭೆಯ ಒಂದು ವಾರ್ಡಿನಲ್ಲಿ ಹದಿನೈದು ಮತಗಳಿಂದ ಸೋತು, ಎಣಿಕೆಯಲ್ಲಿ ತಪ್ಪಾಗಿದೆ ಎಂದು ನಂಬಿರುವ ಪಕ್ಷೇತರ ಅಭ್ಯರ್ಥಿಗೆ ಆ ದಾರಿ ಇಲ್ಲ.

ಅಂಥವರ ದಾರಿ ಎಷ್ಟು ಉದ್ದ ಎಂಬುದಕ್ಕೆ ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ ಸರಪಂಚ (ಗ್ರಾಮ ಪಂಚಾಯಿತಿಯ ಮುಖ್ಯಸ್ಥ) ಚುನಾವಣೆಯನ್ನು ನೋಡಬೇಕು. ಅದು ಪಂಚಾಯಿತಿ ಚುನಾವಣೆ ಎಂಬುದು ನಿಜ. ಆದರೆ ಪಂಚಾಯಿತಿಗಳಿಗೆ ಇರುವ 243 ಒ ವಿಧಿ ಮತ್ತು ನಗರ ಸಂಸ್ಥೆಗಳಿಗೆ ಇರುವ 243 ಝಡ್‌ಜಿ ವಿಧಿ ಒಂದೇ ಅಚ್ಚಿನವು. ಅಲ್ಲಿ ಮತದಾನ ನಡೆದದ್ದು 2022ರ ನವೆಂಬರ್ 2ರಂದು. ವಿವಾದವಿದ್ದದ್ದು ಮುಖ್ಯವಾಗಿ ಒಂದೇ ಮತಗಟ್ಟೆಯ, 69ನೇ ಸಂಖ್ಯೆಯ ಮತಗಟ್ಟೆಯ ಲೆಕ್ಕದ ಬಗ್ಗೆ. ಆ ಒಂದು ಮತಗಟ್ಟೆಯ ಮರುಎಣಿಕೆಗೆ ಚುನಾವಣಾ ನ್ಯಾಯಮಂಡಳಿ ಆದೇಶ ಕೊಡುವಷ್ಟರಲ್ಲಿ 2025ರ ಏಪ್ರಿಲ್ ಬಂದಿತ್ತು. ಆ ಆದೇಶವನ್ನು ಹೈಕೋರ್ಟ್ ಜುಲೈನಲ್ಲಿ ರದ್ದು ಮಾಡಿತು. ಕೊನೆಗೆ ಸುಪ್ರೀಂ ಕೋರ್ಟ್ ಎಲ್ಲ ಮತಗಟ್ಟೆಗಳ ಯಂತ್ರಗಳನ್ನು ತನ್ನ ಆವರಣಕ್ಕೇ ತರಿಸಿ, ತನ್ನ ರಿಜಿಸ್ಟ್ರಾರ್ ಒಬ್ಬರ ಸಮ್ಮುಖದಲ್ಲಿ, ಎರಡೂ ಕಡೆಯವರನ್ನು ಕೂರಿಸಿಕೊಂಡು, ವಿಡಿಯೊ ಚಿತ್ರೀಕರಣದೊಂದಿಗೆ ಮತ ಎಣಿಸಿತು. ಒಟ್ಟು 3,767 ಮತಗಳು. ಸೋತಿದ್ದಾರೆ ಎನ್ನಲಾಗಿದ್ದವರಿಗೆ 1,051, ಗೆದ್ದಿದ್ದಾರೆ ಎಂದು ಅಧಿಕಾರ ನಡೆಸುತ್ತಿದ್ದವರಿಗೆ 1,000. 2025ರ ಆಗಸ್ಟ್ 11ರಂದು ನ್ಯಾಯಾಲಯ ಫಲಿತಾಂಶವನ್ನು ತಿರುಗಿಸಿತು.

ಯಂತ್ರದ ಗುಂಡಿ ಒತ್ತಿದರೆ ಅರ್ಧ ದಿನದಲ್ಲಿ ತಿಳಿಯಬಹುದಾಗಿದ್ದ ಸತ್ಯ ತಿಳಿಯಲು ಎರಡು ವರ್ಷ ಒಂಬತ್ತು ತಿಂಗಳು ಬೇಕಾಯಿತು. ಅಷ್ಟೂ ಕಾಲ ಊರಿನವರು ಆರಿಸದ ವ್ಯಕ್ತಿ ಊರಿನ ಆಡಳಿತ ನಡೆಸಿದರು. ತೀರ್ಪನ್ನು ಓದಿ ‘ಕೊನೆಗೂ ನ್ಯಾಯ ಗೆದ್ದಿತು’ ಎಂದು ಬರೆದವರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಅವಧಿ ಕಳೆದುಹೋದ ಮೇಲೆ ಗೆದ್ದದ್ದು ಎಷ್ಟು ಎಂಬ ಲೆಕ್ಕವನ್ನು ಅವರು ಹಾಕಿದಂತಿಲ್ಲ.

ಇನ್ನೊಂದು ಪ್ರಕರಣದಲ್ಲಿ ಅಷ್ಟು ಅವಧಿಯೂ ಉಳಿಯಲಿಲ್ಲ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ತೆಕ್ಕಂಪಟ್ಟಿ ಪಂಚಾಯಿತಿಯ ಅಧ್ಯಕ್ಷರ ಚುನಾವಣೆ ನಡೆದದ್ದು 2006ರ ಅಕ್ಟೋಬರ್‌ನಲ್ಲಿ. ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳ ಪೂರ್ಣ ವಿವರವನ್ನು ಅಭ್ಯರ್ಥಿ ಘೋಷಿಸಿರಲಿಲ್ಲ ಎಂಬುದು ತಕರಾರು. ಹಾಗೆ ಮುಚ್ಚಿಡುವುದು ಮತದಾರನ ಮೇಲೆ ಬೀರುವ ಅನುಚಿತ ಪ್ರಭಾವವೇ ಆಗುತ್ತದೆ, ಆದ್ದರಿಂದ ಅದು ಭ್ರಷ್ಟಾಚರಣೆ, ಆಯ್ಕೆ ರದ್ದಾಗಬೇಕಾದದ್ದೇ ಸರಿ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೃಷ್ಣಮೂರ್ತಿ ವಿರುದ್ಧ ಶಿವಕುಮಾರ್ ಎಂಬ ಹೆಸರಿನ ಈ ತೀರ್ಪನ್ನು ನಾವು ವಕೀಲರು ಇಂದಿಗೂ ಉಲ್ಲೇಖಿಸುತ್ತೇವೆ. ತತ್ವವಾಗಿ ಅದು ದೊಡ್ಡ ತೀರ್ಪು. ಅದು ಬಂದದ್ದು 2015ರ ಫೆಬ್ರುವರಿಯಲ್ಲಿ. ಅಷ್ಟು ಹೊತ್ತಿಗೆ ಐದು ವರ್ಷದ ಆ ಅವಧಿ ಮುಗಿದೇ ಮೂರು ವರ್ಷ ದಾಟಿತ್ತು. ತೆಕ್ಕಂಪಟ್ಟಿಯ ಮತದಾರರಿಗೆ ಆ ತೀರ್ಪಿನಿಂದ ದಕ್ಕಿದ್ದು ಏನೂ ಇಲ್ಲ. ದಕ್ಕಿದ್ದೆಲ್ಲ ಕಾನೂನು ವರದಿಗಳನ್ನು ಓದುವ ನಮ್ಮಂಥವರಿಗೆ.

ವಿಳಂಬ ಎಲ್ಲಿ ಹುಟ್ಟುತ್ತದೆ ಎಂಬುದು ನ್ಯಾಯಾಲಯದ ಒಳಗಿರುವವರಿಗೆಲ್ಲ ಗೊತ್ತು. ಕರ್ನಾಟಕದ 1964ರ ಪುರಸಭೆಗಳ ಕಾಯ್ದೆಯಾಗಲಿ, 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಾಗಲಿ ತಕರಾರು ಅರ್ಜಿಗಳನ್ನು ಜಿಲ್ಲೆಯ ನ್ಯಾಯಾಲಯಗಳ ಮುಂದೆಯೇ ಇಡುತ್ತವೆ. ಅಲ್ಲಿ ಅದು ಭೂವ್ಯಾಜ್ಯ, ಆಸ್ತಿ ವಿಭಾಗದ ದಾವೆ, ಚೆಕ್ ಬೌನ್ಸ್‌ಗಳ ನಡುವೆ ಇನ್ನೊಂದು ಕಡತವಾಗಿ ಕೂರುತ್ತದೆ. ಮೊದಲ ಕೆಲವು ವಾಯಿದೆಗಳು ನೋಟಿಸ್ ಜಾರಿಗೇ ಹೋಗುತ್ತವೆ: ಗೆದ್ದ ಸದಸ್ಯ ದಿನವೂ ಪುರಸಭೆಯ ಕಟ್ಟಡದಲ್ಲಿ ಕಾಣಿಸಿಕೊಳ್ಳುತ್ತಿದ್ದರೂ ‘ಮನೆ ಬೀಗ ಹಾಕಿದೆ, ಪ್ರತಿವಾದಿ ಸಿಗಲಿಲ್ಲ’ ಎಂಬ, ನೋಟಿಸ್ ತಲುಪಿಸುವ ಅಮೀನರ ಶರಾದೊಂದಿಗೆ ನೋಟಿಸ್ ವಾಪಸು ಬರುತ್ತದೆ. ಠೇವಣಿ ಕಳೆದುಕೊಂಡ ಏಳೆಂಟು ಅಭ್ಯರ್ಥಿಗಳನ್ನೂ ಪ್ರತಿವಾದಿಗಳಾಗಿ ಸೇರಿಸಬೇಕಾಗಿ ಬಂದರೆ ಅವರಲ್ಲಿ ಒಬ್ಬರಾದರೂ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿರುತ್ತಾರೆ. ವಕಾಲತ್ತು ಹಾಕಿದ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ, ಅದಾದ ಮೇಲೆ ಅರ್ಜಿಯೇ ಊರ್ಜಿತವಲ್ಲ ಎಂಬ ಮಧ್ಯಂತರ ಅರ್ಜಿ, ಪ್ರತಿಯ ಪುಟವೊಂದಕ್ಕೆ ದೃಢೀಕರಣ ಬಿದ್ದಿಲ್ಲವೆಂಬ ಇನ್ನೊಂದು ಅರ್ಜಿ, ಅದು ವಜಾ ಆದರೆ ಹೈಕೋರ್ಟಿನಲ್ಲಿ ರಿಟ್, ಅಲ್ಲಿ ವಿಚಾರಣೆಗೆ ತಡೆ. ಪಾಟೀ ಸವಾಲಿನವರೆಗೆ ತಲುಪುವ ಹೊತ್ತಿಗೆ ಎಣಿಕೆ ಮೇಜಿನಲ್ಲಿದ್ದ ಅಧಿಕಾರಿಗೆ ಎರಡು ಬಾರಿ ವರ್ಗವಾಗಿರುತ್ತದೆ. ಅಂದಿನ ವಿಷಯ ಏನೂ ನೆನಪಿಲ್ಲ ಎಂದು ಆತ ಸಾಕ್ಷಿ ಕಟಕಟೆಯಲ್ಲಿ ಹೇಳಿದರೆ ಅದು ಸುಳ್ಳೂ ಆಗಿರಬೇಕಿಲ್ಲ.

ಇದರಲ್ಲಿ ಒಂದೂ ಅಕ್ರಮವಲ್ಲ. ಪ್ರತಿ ಹೆಜ್ಜೆಯೂ ಕಕ್ಷಿದಾರನ ಹಕ್ಕೇ, ಅದನ್ನು ಬಳಸದ ವಕೀಲ ತನ್ನ ಕೆಲಸವನ್ನು ಸರಿಯಾಗಿ ಮಾಡಿದಂತೆಯೂ ಅಲ್ಲ. ಆದ್ದರಿಂದಲೇ ನ್ಯಾಯಾಧೀಶರನ್ನೋ ವಕೀಲರನ್ನೋ ದೂರಿ ಪ್ರಯೋಜನವಿಲ್ಲ. ಸಮಯ ತಳ್ಳಿದಷ್ಟೂ ಗೆದ್ದವನಿಗೆ ಲಾಭವಾಗುವಂತೆ ಕಾನೂನನ್ನು ಕಟ್ಟಿಟ್ಟು, ಆಮೇಲೆ ಸಮಯ ತಳ್ಳಬೇಡಿ ಎಂದು ಉಪದೇಶ ಮಾಡಿದರೆ ಯಾರು ಕೇಳುತ್ತಾರೆ? ಶಾಸನಸಭೆ, ಲೋಕಸಭೆಗಳಿಗೆ ಅನ್ವಯವಾಗುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಅರ್ಜಿ ಸಲ್ಲಿಸಲು 45 ದಿನಗಳ ಕಡ್ಡಾಯ ಮಿತಿ ಹಾಕಿದೆ. 46ನೇ ದಿನ ಬಂದವನಿಗೆ ಪರಿಹಾರವಿಲ್ಲ. ವಿಚಾರಣೆ ಆರು ತಿಂಗಳಲ್ಲಿ ಮುಗಿಯಲು ಪ್ರಯತ್ನವಾಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ, ಆದರೆ ಅಲ್ಲಿ ಮಿತಿ ಮೀರಿದರೆ ಏನೂ ಆಗುವುದಿಲ್ಲ. ಅರ್ಜಿದಾರನಿಗೆ ಗಡುವು, ವ್ಯವಸ್ಥೆಗೆ ಸಲಹೆ. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳ ಕಾಗದದಲ್ಲಿ ಏನೇ ಬರೆದಿದ್ದರೂ ನ್ಯಾಯಾಲಯಗಳಲ್ಲಿ ಕಾಣುವ ಅನುಭವ ಇದಕ್ಕಿಂತ ಬೇರೆಯಲ್ಲ.

ಮೀಸಲು ವಾರ್ಡ್‌ಗಳ ತಕರಾರು ಇನ್ನೂ ಜಟಿಲ. ಪರಿಶಿಷ್ಟ ಜಾತಿಗೋ ಹಿಂದುಳಿದ ವರ್ಗಕ್ಕೋ ಮೀಸಲಾದ ವಾರ್ಡಿನಲ್ಲಿ ಗೆದ್ದವರ ಜಾತಿ ಪ್ರಮಾಣಪತ್ರವೇ ಸುಳ್ಳು ಎಂಬ ಆರೋಪ ಬಂದರೆ, ಆಯ್ಕೆಯ ಸಿಂಧುತ್ವ ನ್ಯಾಯಾಲಯದ ಮುಂದೆ, ಜಾತಿಯ ಸತ್ಯಾಸತ್ಯತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾತಿ ಪರಿಶೀಲನಾ ಸಮಿತಿಯ ಮುಂದೆ ಎಂದು ವ್ಯಾಜ್ಯ ಎರಡು ಹಳಿಗಳ ಮೇಲೆ ಓಡುತ್ತದೆ. ಸಮಿತಿಯ ವರದಿ ಬರಲಿ ಎಂದು ನ್ಯಾಯಾಲಯ ಕಾಯುತ್ತದೆ. ವಿಷಯ ನ್ಯಾಯಾಲಯದಲ್ಲಿದೆ ಎಂದು ಸಮಿತಿ ಕಾಯುತ್ತದೆ. ಆ ವಾರ್ಡು ಯಾರಿಗಾಗಿ ಮೀಸಲಾಗಿತ್ತೋ ಆ ಸಮುದಾಯದವರು ಐದು ವರ್ಷ ಹೊರಗೆ ನಿಂತು ನೋಡುತ್ತಾರೆ. ಮುಂದಿನ ಬಾರಿ ಸರದಿಯಂತೆ ಮೀಸಲಾತಿ ಬದಲಾಗಿ ಆ ವಾರ್ಡು ಅವರ ಕೈತಪ್ಪಿಯೂ ಹೋಗಬಹುದು.

ಆಯ್ಕೆ ರದ್ದಾದರೆ ಸಾಕು, ತಡವಾದರೂ ಚಿಂತೆಯಿಲ್ಲ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಸಿಂಧು ಎಂದು ತೀರ್ಮಾನವಾದ ಸದಸ್ಯ ಅಷ್ಟರವರೆಗೆ ಹಾಕಿದ ಮತಗಳು ಸಾಮಾನ್ಯವಾಗಿ ಅಸಿಂಧುವಾಗುವುದಿಲ್ಲ. ಆಡಳಿತ ಕುಸಿಯಬಾರದೆಂದು ಕಾನೂನೇ ಅವುಗಳಿಗೆ ರಕ್ಷಣೆ ಕೊಡುತ್ತದೆ, ಕೊಡಬೇಕಾದದ್ದೂ ಹೌದು. ಇಪ್ಪತ್ಮೂರು ಸದಸ್ಯರ ಪುರಸಭೆಯಲ್ಲಿ ಹನ್ನೆರಡು–ಹನ್ನೊಂದರಿಂದ ಅಧ್ಯಕ್ಷರ ಆಯ್ಕೆಯಾಗಿದ್ದರೆ, ಆ ಹನ್ನೆರಡರಲ್ಲಿ ಒಂದು ಮತ ಇರಬಾರದವರದ್ದಾಗಿದ್ದರೆ, ಆ ಅಧ್ಯಕ್ಷರು ಸಹಿ ಮಾಡಿದ ಟೆಂಡರು, ಗುತ್ತಿಗೆಗೆ ಕೊಟ್ಟ ಮಳಿಗೆ, ಏರಿಸಿದ ತೆರಿಗೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ತೀರ್ಪಿನಿಂದ ಹಿಂದಕ್ಕೆ ಪಡೆಯಬಹುದಾದದ್ದು ಕುರ್ಚಿಯನ್ನು ಮಾತ್ರ. ಅದೂ ಅವಧಿ ಉಳಿದಿದ್ದರೆ.

ಇನ್ನು ಚುನಾವಣೆಗೆ ಮುಂಚಿನ ವ್ಯಾಜ್ಯಗಳು. ಇವುಗಳ ಬಗ್ಗೆ ಕರ್ನಾಟಕದವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2018ರ ಆಗಸ್ಟ್ 31ರಂದು ಮತ ಹಾಕಿಸಿಕೊಂಡು ಗೆದ್ದ ನಗರಸಭೆ, ಪುರಸಭೆಗಳ ಸದಸ್ಯರು, ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿದ್ದ ಕಾರಣ ಎರಡು ವರ್ಷಕ್ಕೂ ಹೆಚ್ಚು ಕಾಲ ಹೆಸರಿಗಷ್ಟೇ ಸದಸ್ಯರಾಗಿದ್ದರು. ಬೆಂಗಳೂರಿನ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಇದ್ದ ವಾರ್ಡುಗಳ ಮೇಲೆಯೇ ಚುನಾವಣೆ ನಡೆಸಿ ಎಂದು ಅದೇ ವರ್ಷದ ಡಿಸೆಂಬರ್ 4ರಂದು ಹೈಕೋರ್ಟ್ ಹೇಳಿತು. ಎರಡು ವಾರದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಆಮೇಲೆ ವಾರ್ಡುಗಳು 198ರಿಂದ 243 ಆದವು, 225 ಆದವು, 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಆಡಳಿತಾಧಿಕಾರಿಗಳು ಬಂದರು, ಹೋದರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು 243 ಯು ವಿಧಿ ಹೇಳುತ್ತದೆ. ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಅದನ್ನು ಒತ್ತಿ ಹೇಳಿದೆ. ಕ್ಷೇತ್ರ ವಿಂಗಡಣೆಯನ್ನೂ ಮೀಸಲಾತಿಯನ್ನೂ ಕೊನೆಯ ಗಳಿಗೆಗೆ ತಂದು ನಿಲ್ಲಿಸುವ ಸರ್ಕಾರಕ್ಕೆ, ಯಾವ ಪಕ್ಷದ್ದೇ ಆಗಿರಲಿ, ಆ ಮೇಲೆ ಹೂಡುವ ದಾವೆಗಳು ಅನುಕೂಲವೇ ಹೊರತು ಅಡ್ಡಿಯಲ್ಲ. ವಿಳಂಬಕ್ಕೆ ನ್ಯಾಯಾಲಯದ ಕಡೆ ಬೆರಳು ತೋರಿಸಿದರೆ ಆಯಿತು.

ಬೇರೆ ದಾರಿ ಇಲ್ಲವೆಂದಲ್ಲ. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಎಂಬ ಸ್ಥಳೀಯ ಆಡಳಿತ ವಿಭಾಗದ ಮೇಯರ್ ಚುನಾವಣೆ 2014ರ ಮೇ 22ರಂದು ನಡೆಯಿತು. ನಾಲ್ವರು ಮತದಾರರು ತಕರಾರು ಅರ್ಜಿ ಹಾಕಿದರು. ಅಲ್ಲಿನ ಕಾನೂನಿನಂತೆ ಅದಕ್ಕೆಂದೇ ನೇಮಕಗೊಂಡ ಹಿರಿಯ ವಕೀಲರೊಬ್ಬರು ಚುನಾವಣಾ ನ್ಯಾಯಾಧೀಶರಾಗಿ ಕೂತು, ಹತ್ತಾರು ಸಾಕ್ಷಿಗಳನ್ನು ವಿಚಾರಿಸಿ, 2015ರ ಏಪ್ರಿಲ್ 23ರಂದು ಮೇಯರ್ ಲುತ್ಫುರ್ ರಹಮಾನ್ ಅವರ ಆಯ್ಕೆಯನ್ನು ರದ್ದುಪಡಿಸಿದರು. ಜೂನ್‌ನಲ್ಲಿ ಮರುಚುನಾವಣೆಯೇ ಆಗಿಹೋಯಿತು. ಹನ್ನೊಂದು ತಿಂಗಳೂ ಕಡಿಮೆಯೇನಲ್ಲ, ಸೋತಿದ್ದರೆ ವೆಚ್ಚದ ಹೊರೆಯಲ್ಲಿ ಆ ನಾಲ್ವರು ಮುಳುಗುತ್ತಿದ್ದರು ಎಂಬ ದೋಷವೂ ಆ ಪದ್ಧತಿಯಲ್ಲಿದೆ. ಆದರೆ ಆ ನ್ಯಾಯಾಧೀಶರ ಮುಂದೆ ಆ ಅರ್ಜಿಯ ಹೊರತು ಬೇರೆ ಕಡತ ಇರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ನಮ್ಮ ಶಾಸನಸಭೆ ಮನಸ್ಸು ಮಾಡಿದರೆ ಇದಕ್ಕಿಂತ ಸರಳವಾಗಿಯೂ ಮಾಡಬಹುದು. ಚುನಾವಣೆ ಮುಗಿದ ಕೂಡಲೇ, ಪ್ರತಿ ಜಿಲ್ಲೆಗೆ ಒಬ್ಬ ನ್ಯಾಯಾಧೀಶರನ್ನು ಹೈಕೋರ್ಟಿನ ಒಪ್ಪಿಗೆಯೊಂದಿಗೆ ಆರು ತಿಂಗಳ ಮಟ್ಟಿಗೆ ತಕರಾರು ಅರ್ಜಿಗಳಿಗಷ್ಟೇ ಮೀಸಲಿಡಬಹುದು. ಅರ್ಜಿಯಲ್ಲಿ ಎಣಿಕೆಯ ಪ್ರಶ್ನೆಯಿದ್ದರೆ, ಮೇಲ್ನೋಟದ ಆಧಾರ ಇದೆಯೇ ಎಂಬುದನ್ನು ಮೊದಲ ಎರಡು ತಿಂಗಳಲ್ಲೇ ತೀರ್ಮಾನಿಸಿ, ಇದ್ದರೆ ಮರುಎಣಿಕೆ ಮುಗಿಸಿಬಿಡಬೇಕು. ಮತದ ಗೋಪ್ಯತೆಯ ದೃಷ್ಟಿಯಿಂದ ಕೇಳಿದವರಿಗೆಲ್ಲ ಮರುಎಣಿಕೆ ಕೊಡಬಾರದೆಂಬುದು ಸರಿಯೇ; ಆದರೆ ಬುವಾನಾ ಲಾಖುವಿನಲ್ಲಿ ಆದಂತೆ ಮತಗಟ್ಟೆಯ ದಾಖಲೆಯೇ ಅನುಮಾನ ಹುಟ್ಟಿಸುವಾಗ ವರ್ಷಗಟ್ಟಲೆ ಸಾಕ್ಷ್ಯ ದಾಖಲಿಸಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಗೆದ್ದ ಅಭ್ಯರ್ಥಿ ನಾಮಪತ್ರದಲ್ಲಿ ಕೊಟ್ಟ ವಿಳಾಸ ಮತ್ತು ಮೊಬೈಲ್ ಸಂಖ್ಯೆಗೆ ಹೋದ ನೋಟಿಸನ್ನು, ಪುರಸಭೆಯ ಕಚೇರಿಯಲ್ಲಿ ತಲುಪಿಸಿದ ನೋಟಿಸನ್ನು ಜಾರಿಯಾದಂತೆ ಪರಿಗಣಿಸಬೇಕು. ಮೇಲ್ಮನವಿಯಲ್ಲಿ ಸಿಗುವ ತಡೆಯಾಜ್ಞೆ ಮೂರು ತಿಂಗಳು ಮೀರಿದರೆ, ಆ ಸದಸ್ಯ ಸಭೆಯಲ್ಲಿ ಕೂರಬಹುದೇ ಹೊರತು ಅಧ್ಯಕ್ಷರ ಆಯ್ಕೆಯಲ್ಲಿ, ಅವಿಶ್ವಾಸ ನಿರ್ಣಯದಲ್ಲಿ ಮತ ಹಾಕುವಂತಿಲ್ಲ ಎಂಬ ಷರತ್ತು ಕಾಯ್ದೆಯಲ್ಲೇ ಇರಬೇಕು. ಆಗ ವಾಯಿದೆ ಕೇಳುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ಸೋತವರ ಹಟಕ್ಕೆಲ್ಲ ಇಷ್ಟು ಮಹತ್ವ ಕೊಡಬೇಕೇ ಎಂದು ಕೇಳುವವರೂ ಇದ್ದಾರೆ. ಹಟದ ಅರ್ಜಿಗಳು ಬರುತ್ತವೆ, ಬಹಳಷ್ಟು ಬರುತ್ತವೆ. ಪ್ರಾಮಾಣಿಕವಾಗಿ ಗೆದ್ದು, ತಲೆಯ ಮೇಲೆ ಇಂಥದೊಂದು ಅರ್ಜಿ ಹೊತ್ತುಕೊಂಡು ಐದು ವರ್ಷ ಕಳೆದ ಸದಸ್ಯರನ್ನೂ ನಾನು ಕಂಡಿದ್ದೇನೆ. ಪ್ರತಿ ಸಭೆಯಲ್ಲೂ ‘ನಿಮ್ಮ ಆಯ್ಕೆಯೇ ಕೋರ್ಟಿನಲ್ಲಿದೆ’ ಎಂಬ ಮಾತು ಕೇಳಬೇಕಾದ ಅವರಿಗೆ, ಆರು ತಿಂಗಳಲ್ಲಿ ಅರ್ಜಿ ವಜಾ ಆಗಿದ್ದರೆ ಸೋತವರಿಗಿಂತ ಹೆಚ್ಚಿನ ಉಪಕಾರವಾಗುತ್ತಿತ್ತು.

ಕಾಯ್ದೆ ತಿದ್ದುಪಡಿಗೆ ಅಧಿವೇಶನ ಬೇಕು, ಚರ್ಚೆ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ತಿದ್ದುಪಡಿಯನ್ನು ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಹಿಂದಿನ ಚುನಾವಣೆಗಳಿಗೆ ಸಂಬಂಧಿಸಿದ ಪ್ರತಿಯೊಂದು ತಕರಾರು ಅರ್ಜಿಯೂ ಯಾವ ವಾರ್ಡಿನದು, ಯಾವ ದಿನ ದಾಖಲಾಯಿತು, ಇಂದು ಯಾವ ಹಂತದಲ್ಲಿದೆ, ತೀರ್ಪಾಗಿದ್ದರೆ ಆ ಸದಸ್ಯರ ಅವಧಿಯ ಎಷ್ಟು ದಿನ ಉಳಿದಿದ್ದಾಗ ಆಯಿತು ಎಂಬ ಪಟ್ಟಿಯನ್ನು, ಜಿಲ್ಲಾ ನ್ಯಾಯಾಲಯಗಳಿಂದ ಮಾಹಿತಿ ಪಡೆದು, ಮುಂದಿನ ಚುನಾವಣೆಯ ಅಧಿಸೂಚನೆ ಹೊರಡಿಸುವ ಮೊದಲು ರಾಜ್ಯ ಚುನಾವಣಾ ಆಯೋಗ ತನ್ನ ಜಾಲತಾಣದಲ್ಲಿ ಪ್ರಕಟಿಸಲಿ.

ಇತಿ ತಮ್ಮ ವಿಶ್ವಾಸಿ,
ಓದುಗರಲ್ಲೊಬ್ಬ ವಕೀಲ